ಅಮೆರಿಕವನ್ನು ಕಟ್ಟಿದ್ದು ಮಹಾಸಾಗರವೋ, ದಡದ ನೀರೋ?

ಹಳೇನಕ್ಷೆ:
ಅಮೆರಿಕದ ಮೊದಮೊದಲ ಕಡಲ ಚರಿತ್ರೆ ಅಂದರೆ ಓದಿಕೊಂಡವರೂ ಮೂರೇ ಸಂಗತಿ ಹೇಳಿ ಮುಗಿಸುತ್ತಾರೆ. ವಲಸಿಗರನ್ನು ಹೊತ್ತ ಮೇಫ್ಲವರ್ ಹಡಗು ಬಂತು, ನಾಂಟಕೆಟ್ ದ್ವೀಪದವರು ತಿಮಿಂಗಿಲ ಹಿಡಿದರು, ಹಡಗುಗಳು ಚೀನಾಕ್ಕೆ ಹೋದವು. ಮೂರೂ ನಡುಗಡಲಿನ ಕಥೆ. ನನ್ನ ವಾದ ಏನೆಂದರೆ, ಆ ದೇಶ ದೇಶವಾದದ್ದು ದಡಕ್ಕೆ ಅಂಟಿಕೊಂಡ ನೀರಿನಲ್ಲಿ. ಕೊಲ್ಲಿ, ಅಳಿವೆ, ಮರಳುದಿಬ್ಬಗಳ ಹಿಂದಿನ ಹಿನ್ನೀರು, ಹೊಳೆಯೊಳಗೆ ಬಹುದೂರ ನುಗ್ಗುವ ಉಬ್ಬರ ಇದ್ದವಲ್ಲ, ಅಲ್ಲಿ.

ವರ್ಜೀನಿಯಾವನ್ನೇ ತಗೊಳ್ಳಿ. ಜೇಮ್ಸ್, ಯಾರ್ಕ್, ರಾಪಹಾನಕ್, ಪೊಟೊಮ್ಯಾಕ್ ನಾಲ್ಕೂ ಹೊಳೆಗಳು ಚೆಸಪೀಕ್ ಕೊಲ್ಲಿಗೆ ಬೀಳುತ್ತವೆ. ನಾಲ್ಕರಲ್ಲೂ ಸಮುದ್ರದ ಹಡಗು ಒಳನಾಡಿನ ತನಕ ಹೋಗಬಹುದಿತ್ತು. ಹೊಗೆಸೊಪ್ಪಿನ ದೊಡ್ಡ ತೋಟದವನಿಗೆ ಊರಬಂದರೇ ಬೇಡ, ಅವನ ಜಮೀನಿನ ಅಂಚಿನಲ್ಲೇ ದಕ್ಕೆ. ಲಂಡನ್ನಿನ ಹಡಗು ಅಲ್ಲಿಗೇ ಬಂದು, ಅರ್ಧ ಟನ್ ತೂಗುವ ಪೀಪಾಯಿಗಳನ್ನು ಹೇರಿಕೊಂಡು, ಕುರ್ಚಿ, ಪಿಂಗಾಣಿ, ಬಟ್ಟೆ ಇಳಿಸಿ ಹೋಗುತ್ತಿತ್ತು. ವರ್ಜೀನಿಯಾದಲ್ಲಿ ಹೇಳಿಕೊಳ್ಳುವಂಥ ಪಟ್ಟಣ ಬೆಳೆಯದಿದ್ದುದಕ್ಕೆ ಅಲ್ಲಿಯವನೇ ಆಗಿ ಮುಂದೆ ಅಧ್ಯಕ್ಷನಾದ ಜೆಫರ್‌ಸನ್ ಕೊಟ್ಟ ಕಾರಣವೂ ಇದೇ: ವ್ಯಾಪಾರವೇ ಮನೆಬಾಗಿಲಿಗೆ ಬರುವಾಗ ಪಟ್ಟಣ ಯಾಕೆ?

ರಸ್ತೆಯ ಗತಿ ಕೇಳಬೇಡಿ. 1816ರಲ್ಲಿ ಸೆನೆಟ್ ಸಮಿತಿಯೊಂದು ಲೆಕ್ಕ ಹಾಕಿತ್ತು. ಒಂದು ಟನ್ ಸರಕನ್ನು ಯುರೋಪಿನಿಂದ 3000 ಮೈಲಿ ನೀರು ದಾಟಿಸಿ ತರಲು ಸುಮಾರು 9 ಡಾಲರ್. ಅದೇ ದುಡ್ಡಿಗೆ ಅಮೆರಿಕದ ನೆಲದ ಮೇಲೆ ಅದು ಸಾಗುತ್ತಿದ್ದುದು 30 ಮೈಲಿ.

ಇನ್ನು ಸಂವಿಧಾನ. ಇಂಗ್ಲೆಂಡಿನ ರಾಜ ಕೊಟ್ಟ 1632ರ ಸನ್ನದಿನ ಪ್ರಕಾರ ಪೊಟೊಮ್ಯಾಕ್ ಹೊಳೆ ಮೇರಿಲ್ಯಾಂಡಿನದು, ಆದರೆ ಚೆಸಪೀಕ್‌ನ ಬಾಯಿ ವರ್ಜೀನಿಯಾದ ಕೈಯಲ್ಲಿ. ಒಬ್ಬರಿಗೆ ಹೊಳೆ ಬೇಕು, ಇನ್ನೊಬ್ಬರಿಗೆ ಸಮುದ್ರದ ದಾರಿ ಬೇಕು. 1785ರ ಮಾರ್ಚಿನಲ್ಲಿ ಎರಡೂ ಕಡೆಯವರು ಜಾರ್ಜ್ ವಾಷಿಂಗ್ಟನ್‌ನ ಮೌಂಟ್ ವರ್ನನ್ ಮನೆಯಲ್ಲಿ ಕೂತು ಸುಂಕ, ಮೀನುಗಾರಿಕೆ, ದೀಪಸ್ತಂಭದ ಖರ್ಚು ಎಲ್ಲ ಮಾತಾಡಿ ಮುಗಿಸಿದರು. ಅದು ಕೂಡಿಬಂದದ್ದರಿಂದ ಮರುವರ್ಷ ಅನಾಪೊಲಿಸ್‌ನಲ್ಲಿ ಉಳಿದ ರಾಜ್ಯಗಳನ್ನೂ ಕರೆದರು, ಬಂದದ್ದು ಐದು. ಆ ಐದು ರಾಜ್ಯದವರು ಕೊಟ್ಟ ಕರೆಯಿಂದಲೇ ಸಂವಿಧಾನ ಬರೆದ 1787ರ ಫಿಲಡೆಲ್ಫಿಯಾ ಸಭೆ. ಅಂದರೆ ಅಮೆರಿಕದ ಸಂವಿಧಾನದ ಬೇರು ಹಿಡಿದೆಳೆದರೆ ಕೈಗೆ ಸಿಗುವುದು ಅಳಿವೆಯೊಂದರ ತಕರಾರು. ಈ ವಾದ ಒಡೆಯುವವರು ಬನ್ನಿ.

ಆಳಸಮುದ್ರ:
ಬಂದೆ. ನೀವೇ ಕೊಟ್ಟ ಲೆಕ್ಕ ಇನ್ನೊಮ್ಮೆ ಓದಿಕೊಳ್ಳಿ. 9 ಡಾಲರಿಗೆ 3000 ಮೈಲಿ ಅಂದರೆ ಅಗ್ಗವಾಗಿದ್ದದ್ದು ಮಹಾಸಾಗರ, ದಡದ ನೀರಲ್ಲ! ವರ್ಜೀನಿಯಾದ ದಕ್ಕೆಗೆ ಬಂದ ಹಡಗು ಬಂದದ್ದೆಲ್ಲಿಂದ? ಹೊಗೆಸೊಪ್ಪು ಸೇದಿದವರು ಯಾರು? ಲಂಡನ್, ಗ್ಲಾಸ್ಗೋಗಳಲ್ಲಿ ಗಿರಾಕಿ ಇಲ್ಲದಿದ್ದರೆ ಆ ದಕ್ಕೆ ಪಾಚಿ ಕಟ್ಟುತ್ತಿತ್ತು.

ಈಶಾನ್ಯದ ನ್ಯೂ ಇಂಗ್ಲೆಂಡಿನ ಕಡೆಗೂ ಬನ್ನಿ. ಮ್ಯಾಸಚೂಸೆಟ್ಸ್ ಶಾಸನಸಭೆಯೊಳಗೆ ಇವತ್ತಿಗೂ ಮರದಲ್ಲಿ ಕಡೆದ ಕಾಡ್ ಮೀನು ತೂಗಾಡುತ್ತದೆ. 1784ರಲ್ಲಿ ಜಾನ್ ರೋ ಎಂಬ ವರ್ತಕ ಸಭೆಯಲ್ಲಿ ಸೂಚನೆ ಮಂಡಿಸಿ ಅದನ್ನು ಅಲ್ಲಿ ಕಟ್ಟಿಸಿದ, ನಮ್ಮ ಐಶ್ವರ್ಯ ಇದರಿಂದ ಬಂದದ್ದು ಮರೆಯಬೇಡಿ ಅಂತ. ಆ ಮೀನಿಗಾಗಿ ಅಲ್ಲಿಯ ಮಾರ್ಬಲ್‌ಹೆಡ್ ಊರಿನವರು ನ್ಯೂಫೌಂಡ್‌ಲ್ಯಾಂಡಿನ ಆಚೆಯ ಗ್ರ್ಯಾಂಡ್ ಬ್ಯಾಂಕ್ಸ್‌ವರೆಗೆ ಹೋಗುತ್ತಿದ್ದರು. ಒಣಗಿಸಿದ ಒಳ್ಳೆಯ ಮೀನು ಸ್ಪೇನಿನ ಬಿಲ್ಬಾವೊಗೆ. ಅಲ್ಲಿಂದ ಉಪ್ಪು, ವೈನ್, ಬೆಳ್ಳಿ. ಹೊಸ ಸರ್ಕಾರದ ಖಜಾನೆ ನೋಡಿದರೂ ಅಷ್ಟೇ: ಮೊದಲ ದಶಕಗಳಲ್ಲಿ ವರಮಾನದ ಬಹುಪಾಲು ಆಮದು ಸುಂಕ. ಕರಾವಳಿ ವ್ಯಾಪಾರ ಅನ್ನೋದು ಆ ದೊಡ್ಡ ವ್ಯಾಪಾರದ ಕೊನೆಯ ಗಾವುದ. ಕೂಲಿಯವನನ್ನು ಯಜಮಾನ ಅಂತ ಕರೆಯಬೇಡಿ.

ನೀಲಿಶಾಯಿ:
“ಒಣಗಿಸಿದ ಒಳ್ಳೆಯ ಮೀನು” ಬಿಲ್ಬಾವೊಗೆ ಹೋಯಿತು ಸರಿ. ಕೆಟ್ಟ ಮೀನು ಎಲ್ಲಿಗೆ ಹೋಯಿತು ಅಂತ ಯಾಕೆ ಬಿಟ್ಟಿರಿ? ಮುರಿದದ್ದು, ಉಪ್ಪು ಹೆಚ್ಚಾದದ್ದು, ವಾಸನೆ ಹೊಡೆಯುವುದು ಎಲ್ಲ ಕೆರಿಬಿಯನ್ ಸಕ್ಕರೆ ದ್ವೀಪಗಳಿಗೆ, ಗುಲಾಮರ ಹೊಟ್ಟೆಗೆ. ಅಲ್ಲಿಂದ ಕಾಕಂಬಿ ತಂದು ರಮ್ ಭಟ್ಟಿ ಇಳಿಸಿದರು. ಮೌಂಟ್ ವರ್ನನ್‌ನ ಕಥೆಯೂ ಹಾಗೇ. ವಾಷಿಂಗ್ಟನ್ ತನ್ನ ಜಮೀನಿನ ಮುಂದೆ ಪೊಟೊಮ್ಯಾಕ್‌ನಲ್ಲಿ ಬಲೆ ಹಾಕಿಸಿ 1772ರ ಒಂದೇ ಹಂಗಾಮಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆರಿಂಗ್ ಹಿಡಿಸಿದ. ಬಲೆ ಎಳೆದವರೂ ಅವನ ಗುಲಾಮರೇ, ಉಪ್ಪು ಹಾಕಿದವರೂ ಅವರೇ, ವರ್ಷವಿಡೀ ಅದನ್ನೇ ಪಡಿಯಾಗಿ ತಿಂದವರೂ ಅವರೇ.

ನಡುಗಡಲೋ ದಡವೋ ಅಂತ ನೀವಿಬ್ಬರೂ ಜಗಳವಾಡಿ. ಎರಡೂ ಕಡೆ ಹುಟ್ಟು ಹಾಕಿದ ಕೈ ಯಾರದು ಅನ್ನೋದು ನನ್ನ ಪ್ರಶ್ನೆ.

ದಕ್ಕೆಬದಿ:
ನಾನು ಮಲ್ಪೆ ಕಡೆಯವ, ಚರಿತ್ರೆ ಓದುವುದು ಚಟ. ಆಳಸಮುದ್ರದವರ ಹತ್ತಿರ ಒಂದು ಕೇಳ್ಲಿಕ್ಕುಂಟು. ಹಡಗು ಒಡೆಯುವುದು ಎಲ್ಲಿ ಮಾರಾಯ್ರೆ? ಆಳದಲ್ಲಿ ನೀರು ಬೇಕಾದಷ್ಟು ಉಂಟು, ಗಾಳಿ ಬಂದರೆ ಹಾಯಿ ಇಳಿಸಿ ತೇಲಬಹುದು. ದಡ ಕಂಡ ಮೇಲೆ ಶುರು ತಾಪತ್ರಯ. ಉತ್ತರ ಕೆರೊಲಿನಾದ ಹ್ಯಾಟೆರಸ್ ಮೂಲೆ ನೋಡಿ. ಬಡಗಿನಿಂದ ತಣ್ಣೀರ ಸೆಳೆತ, ತೆಂಕಿನಿಂದ ಬಿಸಿನೀರಿನ ಗಲ್ಫ್ ಸ್ಟ್ರೀಮ್, ಮಧ್ಯೆ ಡೈಮಂಡ್ ಶೋಲ್ಸ್ ಅಂತ ಜಾಗ ಬದಲಿಸುವ ಮರಳುದಿಬ್ಬ. ಚಾರ್ಲ್ಸ್‌ಟನ್ನಿಂದ ನ್ಯೂಯಾರ್ಕಿಗೆ ಹೋಗುವವ ಆ ಮೂಲೆ ಸುತ್ತಲೇಬೇಕು. 1803ರಲ್ಲಿ ಅಲ್ಲಿ ದೀಪ ಹಚ್ಚಿದರು. ಅಟ್ಲಾಂಟಿಕ್‌ನ ಸ್ಮಶಾನ ಅಂತಲೇ ಹೆಸರು ಬಿದ್ದದ್ದು ಆ ಕರಾವಳಿಗೆ.

ಮತ್ತೆ ಆ ಗಲ್ಫ್ ಸ್ಟ್ರೀಮನ್ನು ಗುರುತು ಮಾಡಿದವ ಯಾರು? ಬೆಂಜಮಿನ್ ಫ್ರಾಂಕ್ಲಿನ್ ಹೆಸರಲ್ಲಿ ನಕ್ಷೆ ಉಂಟು. ಆದರೆ ಗೆರೆ ಎಳೆದು ಕೊಟ್ಟದ್ದು ಅವನ ಸಂಬಂಧಿ ಟಿಮೊಥಿ ಫೋಲ್ಗರ್, ನಾಂಟಕೆಟ್‌ನ ಕಪ್ತಾನ. ಇಂಗ್ಲೆಂಡಿನ ಟಪಾಲು ಹಡಗು ನ್ಯೂಯಾರ್ಕಿಗೆ ಬರುವುದು ವ್ಯಾಪಾರದ ಹಡಗುಗಳಿಗಿಂತ ಒಂದೆರಡು ವಾರ ತಡ ಯಾಕೆ ಅಂತ 1768ರ ಸುಮಾರಿಗೆ ದೂರು ಬಂದಿತ್ತು. ಫೋಲ್ಗರ್ ಹೇಳಿದ: ಅವರು ಪ್ರವಾಹದ ಎದುರಿಗೆ ಬರುತ್ತಾರೆ. ತಿಮಿಂಗಿಲ ಪ್ರವಾಹದ ಅಂಚಲ್ಲಿ ಇರ್ತದೆ, ಒಳಗೆ ಇರುವುದಿಲ್ಲ, ಅದಕ್ಕೇ ಆ ಅಂಚು ನಮಗೆ ಗೊತ್ತು. ದಾರಿಯಲ್ಲಿ ಸಿಕ್ಕವರಿಗೆ ದಾಟಿಕೊಳ್ಳಿ ಅಂತ ಹೇಳಿದರೂ ಮೀನು ಹಿಡಿಯುವವರ ಮಾತು ಅವರಿಗೆ ಬೇಡ. ನಕ್ಷೆ ಅಚ್ಚಾದ ಮೇಲೂ ಇಂಗ್ಲೆಂಡಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಹಾಗೇ ಇರ್ತದೆ, ನಮ್ಮಲ್ಲೂ ಕಂಡದ್ದುಂಟು.

ಸುಮ್ನೆ_ಓದುಗ:
ಏನ್ರೀ ಇದು, ಒಂದ್ ಕಡಿ ಸಂವಿಧಾನ, ಇನ್ನೊಂದ್ ಕಡಿ ಒಣಮೀನು. ನಾ ಧಾರವಾಡದಾಗ ಕುಂತು ಓದಾಕತ್ತೀನಿ, ಹತ್ತಿರದ ಸಮುದ್ರಕ್ಕ ಘಟ್ಟ ಇಳಿಬೇಕು. ಮುಂದುವರಸ್ರಿ.

ಜರ್ಸಿವಾಸಿ:
ದೀಪಸ್ತಂಭದ ಮಾತು ಬಂತಲ್ಲ, ನನ್ನ ಮನೆಯಿಂದ ಸ್ಯಾಂಡಿ ಹುಕ್ ಹತ್ತಿರ, ಆಗಾಗ ಹೋಗುವುದುಂಟು. ನ್ಯೂಯಾರ್ಕ್ ಬಂದರಿನ ಬಾಯಲ್ಲಿ ನ್ಯೂಜರ್ಸಿಯಿಂದ ಚಾಚಿಕೊಂಡ ಮರಳಿನ ನಾಲಿಗೆ ಅದು. 1764ರಲ್ಲಿ ನ್ಯೂಯಾರ್ಕಿನ ವರ್ತಕರು ಲಾಟರಿ ಎತ್ತಿ ಕಟ್ಟಿಸಿದ ಎಂಟು ಮೂಲೆಯ ಸ್ತಂಭ ಇನ್ನೂ ನಿಂತಿದೆ, ಅಮೆರಿಕದಲ್ಲಿ ಉಳಿದಿರುವ ದೀಪಸ್ತಂಭಗಳಲ್ಲಿ ಅದೇ ಹಳೆಯದು. ಮೊದಲ ಸಲ ನೋಡುವವರಿಗೆ ಆಗುವ ಸೋಜಿಗ ಏನೆಂದರೆ, ಸ್ತಂಭ ಗಿಡಗಂಟಿಗಳ ನಡುವೆ ಇದೆ, ನೀರು ಎಲ್ಲೋ ದೂರ. ಕಟ್ಟಿದಾಗ ಅದು ಮರಳಿನ ತುದಿಯಿಂದ ಸುಮಾರು 500 ಅಡಿ ಒಳಗಿತ್ತು. ಈಗ ತುದಿ ಒಂದೂವರೆ ಮೈಲಿ ಆಚೆ ಹೋಗಿದೆ. ಸ್ತಂಭ ಕದಲಿಲ್ಲ, ದಡವೇ ಬೆಳೆಯಿತು. ಇಂಥ ನೀರಿನಲ್ಲಿ ನಕ್ಷೆ ಅಚ್ಚಾಗುವಷ್ಟರಲ್ಲಿ ಹಳತಾಗುತ್ತಿತ್ತು. ಅದಕ್ಕೇ ಬಂದರಿಗೊಬ್ಬ ಹಡಗಿಗೆ ದಾರಿ ತೋರುವ ಸ್ಥಳೀಯ ಪೈಲಟ್ ಬೇಕು, ಅವನಿಲ್ಲದೆ ಎಂಥ ಅಡ್ಮಿರಲ್ಲೂ ಹೊರಗೇ ಲಂಗರು ಹಾಕಿ ಕಾಯಬೇಕು.

1776ರಲ್ಲಿ ಬ್ರಿಟಿಷ್ ನೌಕಾಪಡೆ ಬರುತ್ತಿದೆ ಎಂದಾಗ ನ್ಯೂಯಾರ್ಕಿನವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಇಲ್ಲಿಯ ದೀಪಗಳನ್ನು ಬಿಚ್ಚಿಕೊಂಡು ಹೋಗಿದ್ದು.

ಹಳೇನಕ್ಷೆ:
ಜರ್ಸಿವಾಸಿಗೆ ಋಣಿ. ಆಳಸಮುದ್ರರ ಸುಂಕದ ಮಾತಿಗೆ ಬರುತ್ತೇನೆ. ಸುಂಕ ನಡುಗಡಲಿನಲ್ಲಿ ಹುಟ್ಟುವುದಿಲ್ಲ ಸ್ವಾಮಿ. ಸರಕು ದಡದ ನೀರಿಗೆ ಬಂದಾಗ, ಕಳ್ಳಕಿಂಡಿಯಲ್ಲಿ ಇಳಿಯದಂತೆ ಯಾರೋ ಕಾದರೆ ಮಾತ್ರ ಅದು ಸುಂಕ. ಹೊಸ ಸರ್ಕಾರ ಮೊದಲು ಏನೇನು ಮಾಡಿತು ನೋಡಿ. 1789ರ ಜುಲೈನಲ್ಲಿ ಟನ್ನೇಜ್ ಕಾಯಿದೆ: ಸ್ವದೇಶಿ ಹಡಗಿಗೆ ಟನ್ನಿಗೆ 6 ಸೆಂಟ್, ವಿದೇಶಿ ಹಡಗಿಗೆ 50. ಅದರಲ್ಲೂ ಕರಾವಳಿ ವ್ಯಾಪಾರದ ಸ್ವದೇಶಿ ಹಡಗು ವರ್ಷಕ್ಕೊಮ್ಮೆ ಕಟ್ಟಿದರೆ ಸಾಕು, ವಿದೇಶಿಯವ ಪ್ರತಿ ಬಂದರಿನಲ್ಲೂ ಕಟ್ಟಬೇಕು. ಆಗಸ್ಟ್ 7ಕ್ಕೆ ದೀಪಸ್ತಂಭಗಳೆಲ್ಲ ಕೇಂದ್ರದ ವಶಕ್ಕೆ. ಮರುವರ್ಷ ಆಗಸ್ಟ್ 4ಕ್ಕೆ ಖಜಾನೆ ಮಂತ್ರಿ ಹ್ಯಾಮಿಲ್ಟನ್ ಕೇಳಿದಂತೆ 10 ಕಾವಲು ದೋಣಿಗಳಿಗೆ ಮಂಜೂರಾತಿ. ನೌಕಾಪಡೆ? ಬ್ರಿಟನ್ನಿನ ವಿರುದ್ಧದ ಕ್ರಾಂತಿಕಾಲದ ಕೊನೆಯ ಯುದ್ಧನೌಕೆಯನ್ನು 1785ರಲ್ಲೇ ಮಾರಿಬಿಟ್ಟಿದ್ದರು. ನಡುಗಡಲಿಗೆ ಹೋಗುವ ಒಂದೂ ಯುದ್ಧನೌಕೆ ಇಲ್ಲದ ಸರ್ಕಾರ ದಡದ ನೀರಿನ ಮೇಲೆ ಮಾತ್ರ ಹೀಗೆ ಕಾಯಿದೆಯ ಮೇಲೆ ಕಾಯಿದೆ ಮಾಡಿತು. ಅದರ ಮೊದಲ ಲೋಕೋಪಯೋಗಿ ಇಲಾಖೆ ಅಂದರೆ ದೀಪಸ್ತಂಭ.

ಆಳಸಮುದ್ರ:
ನೌಕಾಪಡೆ ಇಲ್ಲದ್ದಕ್ಕೆ ಕಾರಣ ಬಡತನ, ಕರಾವಳಿ ಪ್ರೀತಿಯಲ್ಲ. ಅದಿಲ್ಲದೆಯೂ ಅವರು ಎಲ್ಲಿಗೆ ಹೋದರು ನೋಡಿ. 1784ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಎಂಪ್ರೆಸ್ ಆಫ್ ಚೈನಾ ಹೊರಟಿತು, ಜಿನ್ಸೆಂಗ್ ಬೇರು ತುಂಬಿಕೊಂಡು ಚೀನಾದ ಕ್ಯಾಂಟನ್‌ಗೆ. ಅದೇ ವರ್ಷದ ಕೊನೆಗೆ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು ನಮ್ಮ ಪಾಂಡಿಚೇರಿಗೇ ಬಂತು. ಸೇಲಂ ಊರಿನವರು ಸುಮಾತ್ರಾದ ಮೆಣಸಿನಲ್ಲಿ ಮಹಡಿ ಎಬ್ಬಿಸಿದರು. ಬ್ರಿಟಿಷ್ ವೆಸ್ಟ್ ಇಂಡೀಸ್ ಅಮೆರಿಕದ ಹಡಗುಗಳಿಗೆ ಬಾಗಿಲು ಮುಚ್ಚಿದಾಗ ಈ ದೇಶ ಬದುಕಿದ್ದು ಲೋಕ ಸುತ್ತಿದ್ದರಿಂದ. ದಡದಲ್ಲೇ ಕಟ್ಟಿಗೆ, ಕುಂಬಳಕಾಯಿ ಸಾಗಿಸಿಕೊಂಡಿದ್ದರೆ ಬಂಡವಾಳ ಎಲ್ಲಿಂದ ಬರುತ್ತಿತ್ತು?

ದಕ್ಕೆಬದಿ:
ಕಟ್ಟಿಗೆಗೆ ನಗಾಡಬೇಡಿ. ಚಳಿಗಾಲದಲ್ಲಿ ಬಾಸ್ಟನ್ನಿಗೆ ಕಟ್ಟಿಗೆ ಬರ್ತಿದ್ದದ್ದು ಮೈನ್ ಕರಾವಳಿಯ ಚಿಕ್ಕ ಸ್ಲೂಪ್‌ಗಳಲ್ಲಿ. ಅದು ಬಾರದಿದ್ದರೆ ನಿಮ್ಮ ಸೇಲಂನ ಸಾಹುಕಾರ ಮೆಣಸಿನ ಮೂಟೆ ಮೇಲೆ ನಡುಗಿಕೊಂಡು ಕೂರಬೇಕಿತ್ತು. 1716ರಲ್ಲಿ ಬಾಸ್ಟನ್ ದೀಪ ಹಚ್ಚಿದಾಗ ಸುಂಕದ ಪಟ್ಟಿಯಲ್ಲೇ ಉಂಟು ನೋಡಿ: ದೊಡ್ಡ ಹಡಗಿಗೆ ಟನ್ನಿಗೆ ಒಂದು ಪೆನ್ನಿ, ಬರುವಾಗಲೂ ಹೋಗುವಾಗಲೂ. ಕರಾವಳಿ ಹಡಗಿಗೆ ಹೊರಡುವಾಗ ಎರಡು ಶಿಲಿಂಗ್. ಮೀನಿನ ದೋಣಿಗೂ ಕಟ್ಟಿಗೆ ಸ್ಲೂಪಿಗೂ ವರ್ಷಕ್ಕೆ ಐದು ಶಿಲಿಂಗ್. ಕಟ್ಟಿಗೆ ಸ್ಲೂಪಿಗೆ ಬೇರೆ ದರ ಬರೆಯಬೇಕಾದರೆ ಅವು ಎಷ್ಟಿದ್ದಿರಬೇಕು?

ಆ ದೀಪದ ಮೊದಲ ಕಾವಲುಗಾರ ಜಾರ್ಜ್ ವರ್ದಿಲೇಕ್ 1718ರಲ್ಲಿ ದ್ವೀಪಕ್ಕೆ ಮರಳುವಾಗ ದೋಣಿ ಮಗುಚಿ ಹೆಂಡತಿ, ಮಗಳ ಸಮೇತ ಮುಳುಗಿದ. ಬಂದರಿನ ಒಳಗೇ. ಹನ್ನೆರಡರ ಹುಡುಗ ಫ್ರಾಂಕ್ಲಿನ್ ಅದರ ಮೇಲೆ ಲಾವಣಿ ಕಟ್ಟಿ ಬಾಸ್ಟನ್ ಬೀದಿಯಲ್ಲಿ ಮಾರಿದ. ಚೆನ್ನಾಗಿ ಖರ್ಚೂ ಆಯಿತಂತೆ!

ನೀಲಿಶಾಯಿ:
ಪೈಲಟ್‌ಗಳ ಮಾತು ಬಂದು ಹೆಸರೇ ಬರಲಿಲ್ಲ. ಸೀಸರ್ ಟ್ಯಾರಂಟ್ ಅಂತ ಒಬ್ಬ, ವರ್ಜೀನಿಯಾದ ಹ್ಯಾಂಪ್ಟನ್‌ನವ, ಹುಟ್ಟು ಗುಲಾಮ. ಚೆಸಪೀಕ್‌ನ ಮರಳು, ಸೆಳೆತ ಎಲ್ಲ ಕರಗತ. ಕ್ರಾಂತಿ ಯುದ್ಧದಲ್ಲಿ ವರ್ಜೀನಿಯಾ ನೌಕಾಪಡೆಯ ಪೇಟ್ರಿಯಟ್ ಎಂಬ ಸ್ಕೂನರಿನ ಚುಕ್ಕಾಣಿ ಹಿಡಿದವ. ಸ್ವಾತಂತ್ರ್ಯಕ್ಕಾಗಿ ಕಾದಾಡಿ ಮುಗಿದ ಮೇಲೂ ಅವನು ಇನ್ನೊಬ್ಬರ ಆಸ್ತಿ. 1789ರಲ್ಲಿ ವರ್ಜೀನಿಯಾ ಶಾಸನಸಭೆ ದುಡ್ಡು ಕೊಟ್ಟು ಬಿಡಿಸಿತು. ಇವನೊಬ್ಬನೇ ಅಲ್ಲ, ದಕ್ಷಿಣದ ಬಂದರುಗಳಲ್ಲಿ ದೋಣಿ ನಡೆಸುವ ಕೆಲಸ ಬಹಳ ಮಟ್ಟಿಗೆ ಕಪ್ಪು ಜನರ ಕೈಯಲ್ಲಿತ್ತು.

ಒಡೆಯರಿಗೆ ಆ ನೀರಿನ ಭಯವೂ ಇತ್ತು, ಅಲ್ಲಿ ಸುದ್ದಿ ಹರಿಯುತ್ತದೆ ಅಂತ. 1822ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಡೆನ್ಮಾರ್ಕ್ ವೀಸಿ ಎಂಬವನ ದಂಗೆ ಸಂಚು ಬಯಲಾದ ಮೇಲೆ ದಕ್ಷಿಣ ಕೆರೊಲಿನಾ ಒಂದು ಕಾಯಿದೆ ಮಾಡಿತು: ಹೊರಗಿನಿಂದ ಬಂದ ಹಡಗಿನಲ್ಲಿ ಸ್ವತಂತ್ರ ಕಪ್ಪು ನಾವಿಕನಿದ್ದರೆ, ಹಡಗು ಹೊರಡುವ ತನಕ ಅವನು ಜೈಲಿನಲ್ಲಿ. ಅವರು ಹೆದರಿದ್ದು ಬಾಸ್ಟನ್ನಿನಿಂದ ಬರುವ ಅಡುಗೆಯವನ ಬಾಯಿಗೆ.

ಇನ್ನು ಮೂಲನಿವಾಸಿಗಳು. ಮ್ಯಾಸಚೂಸೆಟ್ಸ್‌ನಲ್ಲಿ 1661ರವರೆಗೆ ಚಲಾವಣೆಯ ಹಣ ವಾಂಪಮ್, ಅಂದರೆ ಲಾಂಗ್ ಐಲೆಂಡ್ ಸುತ್ತಿನ ಆಳವಿಲ್ಲದ ನೀರಿನ ಚಿಪ್ಪುಗಳನ್ನು ಉಜ್ಜಿ ತೂತಿಟ್ಟ ಮಣಿಗಳು. ಬಿಳಿ ಮತ್ತು ನೇರಳೆ. ಮಾಡುತ್ತಿದ್ದವರು ನ್ಯಾರಗ್ಯಾನ್ಸೆಟ್, ಪೀಕ್ವಾಟ್ ಜನ. ನಾಂಟಕೆಟ್‌ನ ತಿಮಿಂಗಿಲ ಬೇಟೆ ಶುರುವಾದದ್ದೂ ದಡದಿಂದಲೇ. ಕಂಬ ಹತ್ತಿ ಕಾದು, ಕಂಡೊಡನೆ ದೋಣಿ ತಳ್ಳುವುದು. ಆ ದೋಣಿಗಳಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ವಾಂಪನೋಗ್ ಜನ ತುಂಬಾ, ಬಹುತೇಕರು ಅಂಗಡಿ ಸಾಲ ತೀರಿಸಲು ಬಂದವರು.

ಸುಮ್ನೆ_ಓದುಗ:
ಇದರಾಗ ನಮ್ಮ ಕರ್ನಾಟಕ ಎಲ್ಲೂ ಇಲ್ಲೇನ್ರಿ? ಎಲ್ಲಾದಕ್ಕೂ ಒಂದ್ ಕೊಂಡಿ ಹುಡುಕೋರು ನಾವು.

ಹಳೇನಕ್ಷೆ:
ಇದೆ, ಅದೂ ಎಳೆದು ತಂದದ್ದಲ್ಲ. 1782ರಲ್ಲಿ ಪೆನ್ಸಿಲ್ವೇನಿಯಾದವರು ಒಂದು ಹಡಗಿಗೆ ಇಟ್ಟ ಹೆಸರು ಹೈದರ್ ಅಲಿ! ನಮ್ಮ ಮೈಸೂರಿನ ಹೈದರಾಲಿಯೇ. 1780ರಿಂದ ಅವನು ಬ್ರಿಟಿಷರ ಮೇಲೆ ಮಾಡುತ್ತಿದ್ದ ಯುದ್ಧದ ಸುದ್ದಿ ಫಿಲಡೆಲ್ಫಿಯಾದ ಪತ್ರಿಕೆಗಳಿಗೂ ಮುಟ್ಟಿತ್ತು. ಶತ್ರುವಿನ ಶತ್ರು ಅಂತ ಅಲ್ಲಿ ಅವನಿಗೆ ಒಳ್ಳೆಯ ಹೆಸರು.

ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರೂ ಅವರ ಕಡೆಯ ಕಡಲುದರೋಡೆಯ ದೋಣಿಗಳೂ ಫಿಲಡೆಲ್ಫಿಯಾದ ವ್ಯಾಪಾರವನ್ನು ಕತ್ತು ಹಿಸುಕುತ್ತಿದ್ದವು. ವರ್ತಕರು ಸೇರಿ ಒಂದು ಸರಕಿನ ಹಡಗಿಗೆ 16 ಸಣ್ಣ ಫಿರಂಗಿ ಕೂರಿಸಿದರು. ಕಪ್ತಾನ ಜೋಶುವಾ ಬಾರ್ನಿಗೆ ಆಗ 22 ವರ್ಷ. ಏಪ್ರಿಲ್ 8ರಂದು ಕೇಪ್ ಮೇ ಹತ್ತಿರ ವ್ಯಾಪಾರಿ ಹಡಗುಗಳನ್ನು ಬೆಂಗಾವಲಾಗಿ ಕರೆದೊಯ್ಯುವಾಗ ಬ್ರಿಟಿಷರ ಜನರಲ್ ಮಂಕ್ ಎಂಬ ಯುದ್ಧನೌಕೆ ಮೇಲೆ ಬಿತ್ತು. ಅದರಲ್ಲಿ 20 ಫಿರಂಗಿ, ಗುಂಡೂ ಇವನದಕ್ಕಿಂತ ಭಾರ. ಬಾರ್ನಿ ಚುಕ್ಕಾಣಿಯವನಿಗೆ ಮೊದಲೇ ಗುಟ್ಟಾಗಿ ಹೇಳಿದ್ದ: ನಾನು ಕೂಗಿ ಕೊಡುವ ಆಜ್ಞೆಗೆ ತಿರುಗುಮುರುಗು ಮಾಡು. ಎರಡೂ ಹಡಗು ಮಾತು ಕೇಳುವಷ್ಟು ಹತ್ತಿರ ಬಂದವು. ಬಾರ್ನಿ ಒಂದು ಕಡೆಗೆ ತಿರುಗಿಸು ಅಂತ ಗಟ್ಟಿಯಾಗಿ ಕೂಗಿದ. ಮಂಕ್‌ನವರು ಕೇಳಿಸಿಕೊಂಡು ತಮ್ಮ ಹಡಗನ್ನೂ ಅದಕ್ಕೆ ತಕ್ಕಂತೆ ತಿರುಗಿಸಿದರು. ಹೈದರ್ ಅಲಿ ಉಲ್ಟಾ ತಿರುಗಿತು. ಮಂಕ್‌ನ ಮೂತಿಯ ಕಂಬ ಬಾರ್ನಿಯ ಹಗ್ಗಗಳಲ್ಲಿ ಸಿಕ್ಕಿಬಿತ್ತು. ಅದರ ಫಿರಂಗಿಗಳಿಗೆ ಗುರಿಯೇ ಸಿಗದಂಥ ಕೋನ, ಇವನ ಸಾಲು ಫಿರಂಗಿಗಳಿಗೆ ಅದರ ಇಡೀ ಉದ್ದ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಜೊತೆಗಿದ್ದ ದೊಡ್ಡ ಬ್ರಿಟಿಷ್ ಫ್ರಿಗೇಟ್ ಕೊಲ್ಲಿಯ ಇನ್ನೊಂದು ಕಾಲುವೆ ಹಿಡಿದು ಹೋಗಿದ್ದರಿಂದ ಕಾಳಗಕ್ಕೆ ಒದಗಲಿಲ್ಲ.

ಸುಮ್ನೆ_ಓದುಗ:
ಹೈದರಾಲಿ ಹಡಗು ಅಮೆರಿಕದಾಗ! ಶ್ರೀರಂಗಪಟ್ಟಣದಾಗ ಇದನ್ನ ಯಾವ ಗೈಡೂ ಹೇಳಲಿಲ್ಲಲ್ರೀ.

ಆಳಸಮುದ್ರ:
ಹೈದರಾಲಿ ಕಥೆ ಸೊಗಸಾಗಿದೆ, ಆದರೆ ಆ ಕಾಳಗದಿಂದ ಯುದ್ಧ ಗೆಲ್ಲಲಿಲ್ಲ. ಗೆದ್ದದ್ದು ಅದರ ಹಿಂದಿನ ವರ್ಷ ಯಾರ್ಕ್‌ಟೌನಿನಲ್ಲಿ, ಗೆಲ್ಲಿಸಿದ್ದು ವೆಸ್ಟ್ ಇಂಡೀಸಿನಿಂದ ಬಂದ ಫ್ರೆಂಚ್ ಅಡ್ಮಿರಲ್ ದ ಗ್ರಾಸ್‌ನ ಮಹಾನೌಕೆಗಳು. ನಡುಗಡಲಿನ ಪಡೆ. ಅದಕ್ಕೇನು ಹೇಳುತ್ತೀರಿ?

ಹಳೇನಕ್ಷೆ:
ಅವನು ಬಂದು ನಿಂತದ್ದೆಲ್ಲಿ ಅಂತ ಕೇಳುತ್ತೇನೆ. ಚೆಸಪೀಕ್‌ನ ಬಾಯಲ್ಲಿ. 1781ರ ಸೆಪ್ಟೆಂಬರ್ 5ರ ಕಾಳಗದಲ್ಲಿ ಯಾವ ಕಡೆಯೂ ನೆಲಕಚ್ಚಲಿಲ್ಲ, ಆದರೆ ಕೊಲ್ಲಿಯ ಬಾಗಿಲು ಫ್ರೆಂಚರ ಕೈಯಲ್ಲೇ ಉಳಿಯಿತು. ಒಳಗಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ನೆರವೂ ಬರಲಿಲ್ಲ, ದಾರಿಯೂ ಇರಲಿಲ್ಲ. ಹಡಗು ಮಹಾಸಾಗರದ್ದು, ಸರಿ. ಅದು ನಿಂತ ಜಾಗ ಯಾವುದು?

ದಕ್ಕೆಬದಿ:
ಯುದ್ಧದ ಕಿಡಿ ಹೊತ್ತಿದ್ದೂ ಹೀಗೇ ಒಂದು ಮರಳಿನಲ್ಲಿ. 1772ರ ಜೂನ್ 9, ರೋಡ್ ಐಲೆಂಡಿನ ನ್ಯಾರಗ್ಯಾನ್ಸೆಟ್ ಕೊಲ್ಲಿ. ಗ್ಯಾಸ್ಪಿ ಅಂತ ಬ್ರಿಟಿಷ್ ಸ್ಕೂನರ್, ಕಳ್ಳಸಾಗಣೆ ಹಿಡಿಯುವುದು ಅದರ ಕೆಲಸ. ಹಾನಾ ಅಂತ ಸ್ಥಳೀಯ ಹಡಗನ್ನು ಅಟ್ಟಿಸಿಕೊಂಡು ಬಂತು. ಹಾನಾದವನಿಗೆ ನೀರು ಎಲ್ಲಿ ಎಷ್ಟು ಉಂಟು ಅಂತ ಬಾಯಿಪಾಠ, ಅವ ಮರಳಿನ ಮೂಲೆ ಒತ್ತಿಕೊಂಡು ದಾಟಿಹೋದ. ಗ್ಯಾಸ್ಪಿ ಕೂತುಬಿಟ್ಟಿತು. ಇಳಿತ ಬೇರೆ, ಮತ್ತೆ ಉಬ್ಬರ ಏರುವ ತನಕ ಅಲ್ಲಾಡುವ ಹಾಗಿಲ್ಲ. ರಾತ್ರಿ ಪ್ರಾವಿಡೆನ್ಸ್‌ನವರು ಉದ್ದ ದೋಣಿಗಳಲ್ಲಿ ಹುಟ್ಟಿಗೆ ಬಟ್ಟೆ ಸುತ್ತಿ ಹೋದರು, ಕಪ್ತಾನ ಡಡಿಂಗ್‌ಸ್ಟನ್‌ಗೆ ಗುಂಡು ಹೊಡೆದರು, ಸಿಬ್ಬಂದಿಯನ್ನು ದಡಕ್ಕೆ ಇಳಿಸಿ ಹಡಗನ್ನು ನೀರಿನ ಮಟ್ಟಕ್ಕೆ ಸುಟ್ಟರು. ರಾಜನ ತನಿಖಾ ಆಯೋಗ ಬಂತು, ಇನಾಮು ಘೋಷಿಸಿದರು. ಇಡೀ ಊರಿಗೆ ಗೊತ್ತು, ಆದರೆ ಊರಿನವರು ಬಾಯಿ ಬಿಡಲಿಲ್ಲ.

ಆಮೇಲೆ 1775ರಲ್ಲಿ ಪಾರ್ಲಿಮೆಂಟು ನ್ಯೂ ಇಂಗ್ಲೆಂಡಿನವರಿಗೆ ಮೀನು ಹಿಡಿಯುವುದನ್ನೇ ನಿಷೇಧಿಸಿತು. ಮೀನುಗಾರನನ್ನು ದಡದಲ್ಲಿ ಖಾಲಿ ಕೂರಿಸಿದರೆ ಎಂತ ಆಗ್ತದೆ? ಮಾರ್ಬಲ್‌ಹೆಡ್‌ನ ಜಾನ್ ಗ್ಲವರ್‌ನ ಪಡೆ ಅಂಥವರದ್ದೇ. 1776ರ ಆಗಸ್ಟಿನಲ್ಲಿ ಬ್ರೂಕ್ಲಿನ್‌ನಲ್ಲಿ ಸಿಕ್ಕಿಬಿದ್ದ ವಾಷಿಂಗ್ಟನ್‌ನ ಸೈನ್ಯವನ್ನು ಒಂದು ರಾತ್ರಿ ಈಸ್ಟ್ ರಿವರ್ ದಾಟಿಸಿದ್ದು ಅವರು. ಕ್ರಿಸ್‌ಮಸ್ ರಾತ್ರಿ ಮಂಜುಗಡ್ಡೆ ತೇಲುವ ಡೆಲವೇರ್ ದಾಟಿಸಿದ್ದೂ ಅವರೇ.

ಜರ್ಸಿವಾಸಿ:
ಒಂದು ವಿಷಯ ಯಾರೂ ಎತ್ತಿಲ್ಲ: ಈ ದಡ ಯಾರಪ್ಪನದು? ಮ್ಯಾಸಚೂಸೆಟ್ಸ್‌ನಲ್ಲಿ 1640ರ ದಶಕದ ಕಾನೂನೊಂದು ಇವತ್ತಿಗೂ ಜೀವಂತ. ಸಮುದ್ರದಂಚಿನ ಜಮೀನಿನವನಿಗೆ ಇಳಿತದ ಗೆರೆಯವರೆಗೂ ಹಕ್ಕು, 100 ರಾಡ್ (ಸುಮಾರು 500 ಮೀಟರ್) ಮೀರದಂತೆ. ದಕ್ಕೆ ಕಟ್ಟಲಿ, ವ್ಯಾಪಾರ ಬೆಳೆಯಲಿ ಅಂತ. ಆದರೆ ಸಾರ್ವಜನಿಕರಿಗೆ ಮೂರು ಹಕ್ಕು ಉಳಿಸಿಕೊಂಡರು: ಮೀನು ಹಿಡಿಯುವುದು, ನೀರುಹಕ್ಕಿ ಬೇಟೆ, ದೋಣಿ ಸಂಚಾರ. ಹಾಗಾಗಿ ಅಲ್ಲಿ ಕೆಲವು ಕಡೆ ಗಾಳ ಹಿಡಿದು ನಡೆದರೆ ಕೇಳುವವರಿಲ್ಲ, ಬರಿಗೈಯಲ್ಲಿ ಅಡ್ಡಾಡಿದರೆ ಅತಿಕ್ರಮಣ!

ನಮ್ಮ ಜರ್ಸಿಯಲ್ಲಿ ತಕರಾರು ಆಯ್ಸ್ಟರ್ ಚಿಪ್ಪಿನದು. ಹೊರರಾಜ್ಯದವರು ಬಂದು ಕೆರೆದುಕೊಂಡು ಹೋಗಬಾರದು ಅಂತ ಇಲ್ಲಿ ಕಾನೂನಿತ್ತು. ಮಾರಿಸ್ ನದಿಯ ಕೋವ್‌ನಲ್ಲಿ ಒಂದು ದೋಣಿ ಹಿಡಿದರು. ಕೊರ್‌ಫೀಲ್ಡ್ ಮೊಕದ್ದಮೆಯಲ್ಲಿ 1823ರಲ್ಲಿ ನ್ಯಾಯಮೂರ್ತಿ ಬುಶ್ರಾಡ್ ವಾಷಿಂಗ್ಟನ್, ಅಧ್ಯಕ್ಷ ವಾಷಿಂಗ್ಟನ್‌ನ ತಮ್ಮನ ಮಗ, ಹೇಳಿದ್ದು: ಚಿಪ್ಪಿನ ನೆಲೆ ರಾಜ್ಯದ ಜನರೆಲ್ಲರ ಸಮಾನ ಆಸ್ತಿ, ಹೊರಗಿನವನಿಗೆ ಅದರಲ್ಲಿ ಪಾಲು ಕೊಡಲೇಬೇಕೆಂದಿಲ್ಲ. ಒಂದು ರಾಜ್ಯದ ಪ್ರಜೆಗೆ ಇನ್ನೊಂದು ರಾಜ್ಯದಲ್ಲಿ ಯಾವ ಮೂಲಭೂತ ಹಕ್ಕು ಇದೆ ಅಂತ ಅವರು ಪಟ್ಟಿ ಹಾಕಿದ್ದೂ ಇದೇ ತೀರ್ಪಿನಲ್ಲಿ. ಅಮೆರಿಕದ ಕಾನೂನು ಓದುವ ಮಕ್ಕಳು ಈಗಲೂ ಈ ಚಿಪ್ಪಿನ ಕೇಸು ದಾಟಿಯೇ ಮುಂದೆ ಹೋಗಬೇಕು.

ಹಳೇನಕ್ಷೆ:
ಇದಕ್ಕೆ ಇನ್ನೊಂದು ಸೇರಿಸಿ. 1793ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ, ಅಮೆರಿಕ ತಟಸ್ಥ. ಫ್ರೆಂಚ್ ಫ್ರಿಗೇಟೊಂದು ಡೆಲವೇರ್ ಕೊಲ್ಲಿಯೊಳಗೇ ಗ್ರೇಂಜ್ ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಆ ಕೊಲ್ಲಿ ಇಡಿಯಾಗಿ ನಮ್ಮದು ಅಂತ ಅಟಾರ್ನಿ ಜನರಲ್ ರ‍್ಯಾಂಡಾಲ್ಫ್ ಅಭಿಪ್ರಾಯ ಕೊಟ್ಟ, ಹಡಗು ವಾಪಸ್ ಬಂತು. ತೆರೆದ ಕರಾವಳಿಯಲ್ಲಿ ನಮ್ಮ ನೀರು ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಆಗ ವಿದೇಶಾಂಗ ಮಂತ್ರಿಯಾಗಿದ್ದ ಜೆಫರ್‌ಸನ್ ನವೆಂಬರ್ 8ರಂದು ಎರಡೂ ದೇಶಗಳ ರಾಯಭಾರಿಗಳಿಗೆ ಪತ್ರ ಬರೆದ: ಸದ್ಯಕ್ಕೆ ಮೂರು ಮೈಲಿ. ಮುಂದೆ ಬಹುಕಾಲ ಲೋಕದ ಹಲವು ದೇಶಗಳು ಹಿಡಿದ ಅಳತೆ ಅದು.

ಆಳಸಮುದ್ರ:
ಕಾನೂನು, ದೀಪ, ಸುಂಕ ಎಲ್ಲ ದಡದಲ್ಲಿ ನಡೆಯಿತು ಅನ್ನೋದನ್ನು ನಾನು ಅಲ್ಲಗಳೆದಿಲ್ಲ. ಸರ್ಕಾರಕ್ಕೆ ಕೈ ಚಾಚಲು ಆಗುತ್ತಿದ್ದದ್ದು ಅಷ್ಟೇ ದೂರ. ನಾನು ಹೇಳುವುದು ಪ್ರೇರಣೆ ಹೊರಗಿನದು ಅಂತ. 1807ರ ಡಿಸೆಂಬರಿನಲ್ಲಿ ಜೆಫರ್‌ಸನ್ ವಿದೇಶ ವ್ಯಾಪಾರವನ್ನೇ ನಿಲ್ಲಿಸಿದ. ಕರಾವಳಿ ವ್ಯಾಪಾರಕ್ಕೆ ಅವಕಾಶ ಇತ್ತು. ನಿಮ್ಮ ವಾದ ನಿಜವಾಗಿದ್ದರೆ ದೇಶ ಆರಾಮಾಗಿರಬೇಕಿತ್ತು. ಏನಾಯಿತು? ಬಂದರುಗಳಲ್ಲಿ ಹಡಗು ಕೊಳೆತವು, ನಾವಿಕರು ಬೀದಿಗೆ ಬಿದ್ದರು. ಮೈನ್ ಮೂಲೆಯ ಪಾಸಮಕ್ವಾಡಿ ಕೊಲ್ಲಿಗೆ ಮಾತ್ರ ಹಿಟ್ಟಿನ ಪೀಪಾಯಿಗಳು ಬಂದು ಬಿದ್ದದ್ದೇ ಬಿದ್ದದ್ದು. ಆ ಊರಿನವರು ತಿನ್ನಲಿಕ್ಕಲ್ಲ, ಮಂಜು ಕವಿದ ರಾತ್ರಿ ಆಚೆಯ ಬ್ರಿಟಿಷ್ ದಡಕ್ಕೆ ದಾಟಿಸಲಿಕ್ಕೆ. ಕರಾವಳಿ ವ್ಯಾಪಾರ ಅನ್ನೋ ಹೆಸರಿನಲ್ಲೂ ನಡೆದದ್ದು ವಿದೇಶ ವ್ಯಾಪಾರವೇ!

ಹಳೇನಕ್ಷೆ:
ಇದು ಗಟ್ಟಿ ಏಟು, ಇದಕ್ಕೆ ಉತ್ತರ 1812ರ ಯುದ್ಧದಲ್ಲಿದೆ. ಬ್ರಿಟಿಷ್ ದಿಗ್ಬಂಧನ ಬಿಗಿಯಾದಾಗ ಕರಾವಳಿ ಹಡಗುಗಳೂ ನಿಂತವು. ಆಗ ಒಳನಾಡಿನ ಸರಕು ಎತ್ತಿನ, ಕುದುರೆಯ ಬಂಡಿಗಳಿಗೆ ಬಿತ್ತು. ಪತ್ರಿಕೆಗಳು ಗೇಲಿ ಮಾಡಿ ಬಂಡಿ ಬಂದದ್ದನ್ನು ಹಡಗು ಬಂದ ಸುದ್ದಿಯ ಹಾಗೆ ಅಚ್ಚು ಹಾಕುತ್ತಿದ್ದವು. ಒಂದೂರಿನಲ್ಲಿ ಕೊಳೆಯುವ ಅಕ್ಕಿ, ಇನ್ನೊಂದೂರಿನಲ್ಲಿ ಕೈಗೆಟುಕದ ಬೆಲೆ. ವಿದೇಶ ವ್ಯಾಪಾರ ನಿಂತಾಗ ಬಂದರುಗಳು ನರಳಿದವು, ಕರಾವಳಿ ನಿಂತಾಗ ರಾಜ್ಯರಾಜ್ಯಗಳ ನಂಟೇ ಕಡಿಯಿತು. ಯುದ್ಧ ಮುಗಿದು ಎರಡೇ ವರ್ಷಕ್ಕೆ, 1817ರಲ್ಲಿ, ಕರಾವಳಿ ಸಾಗಣೆಯಿಂದ ವಿದೇಶಿ ಹಡಗುಗಳನ್ನು ಪೂರ್ತಿ ಹೊರಗಿಟ್ಟರು. 1824ರಲ್ಲಿ ನ್ಯೂಯಾರ್ಕ್ ನೀರಿನ ಉಗಿದೋಣಿ ಏಕಸ್ವಾಮ್ಯವನ್ನು ಸುಪ್ರೀಂ ಕೋರ್ಟ್ ಮುರಿಯಿತು. ಆ ಏಕಸ್ವಾಮ್ಯವನ್ನು ಎದುರಿಸಿದ ಗಿಬ್ಬನ್ಸ್ ಎಂಬ ದೋಣಿ ಮಾಲೀಕನ ಕೈಯಲ್ಲಿ ಇದ್ದ ಆಯುಧ ಕೇಂದ್ರದ ಒಂದು ಕರಾವಳಿ ಲೈಸೆನ್ಸ್.

ನೀಲಿಶಾಯಿ:
ಅದೇ ಕರಾವಳಿ ನೀರು 1808ರ ಆಮೇಲೆ ಏನು ಸಾಗಿಸಿತು ಅಂತಲೂ ಬರೆಯಿರಿ. ಆಫ್ರಿಕಾದಿಂದ ಗುಲಾಮರನ್ನು ತರುವುದು ನಿಷೇಧವಾಯಿತು. ಆದರೆ ಅದೇ ಕಾಯಿದೆ ಕರಾವಳಿ ಸಾಗಣೆಗೆ ದಾರಿ ಬಿಟ್ಟಿತ್ತು, ಹಡಗು 40 ಟನ್ನಿಗಿಂತ ದೊಡ್ಡದಿರಬೇಕು, ಒಬ್ಬೊಬ್ಬರ ಹೆಸರು, ವಯಸ್ಸು, ಎತ್ತರ, ಬಣ್ಣ ಬರೆದ ಪಟ್ಟಿ ಇರಬೇಕು, ಅಷ್ಟೇ. ವರ್ಜೀನಿಯಾದಿಂದ ನ್ಯೂ ಆರ್ಲಿಯನ್ಸ್‌ಗೆ ಮನುಷ್ಯರನ್ನು ತುಂಬಿ ಸಾಲುಸಾಲಾಗಿ ಹಡಗುಗಳು ಹೋದವು. 1841ರಲ್ಲಿ ಕ್ರಿಯೋಲ್ ಎಂಬ ಹಡಗಿನಲ್ಲಿ ಮ್ಯಾಡಿಸನ್ ವಾಷಿಂಗ್ಟನ್ ಮತ್ತು ಸಂಗಡಿಗರು ಎದ್ದು, ಹಡಗನ್ನು ಬ್ರಿಟಿಷ್ ಬಹಾಮಾಸ್‌ನ ನಸ್ಸಾವ್‌ಗೆ ತಿರುಗಿಸಿದರು, ನೂರಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಹೆಸರು ನೋಡಿ, ಇಬ್ಬರು ಅಧ್ಯಕ್ಷರದ್ದು.

ಆಳಸಮುದ್ರ:
ನೀಲಿಶಾಯಿ ಹೇಳಿದ್ದು ನನ್ನ ಕಡೆಗೇ ವಾಲುತ್ತದೆ. ಆ ಜನರನ್ನು ತೆಂಕಣಕ್ಕೆ ಎಳೆದದ್ದು ಹತ್ತಿ, ಹತ್ತಿಯನ್ನು ಎಳೆದದ್ದು ಲಿವರ್‌ಪೂಲ್. ಚಾರ್ಲ್ಸ್‌ಟನ್, ಸವಾನಾ, ನ್ಯೂ ಆರ್ಲಿಯನ್ಸ್‌ನ ಹತ್ತಿಯಲ್ಲಿ ಎಷ್ಟೋ ಭಾಗ ದಡ ಹಿಡಿದು ನ್ಯೂಯಾರ್ಕಿಗೆ ಬಂದು, ಅಲ್ಲಿ ದೊಡ್ಡ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಮಧ್ಯೆ ದಲ್ಲಾಳಿ, ವಿಮೆ, ಬಡ್ಡಿ ಎಲ್ಲ ನ್ಯೂಯಾರ್ಕಿನವರ ಜೇಬಿಗೆ. ದಡದ ನೀರು ದುಡಿಯಿತು, ಲಾಭದ ಬೆಲೆ ನಿಗದಿಯಾದದ್ದು ಸಾಗರದಾಚೆ.

ದಕ್ಕೆಬದಿ:
ಆದರೆ ಆ ದುಡ್ಡು ನ್ಯೂಯಾರ್ಕಿನಲ್ಲಿ ನಿಂತದ್ದು ಯಾಕೆ ಅಂತ ಹೇಳಿ. ಹತ್ತಿ ನೇರ ಚಾರ್ಲ್ಸ್‌ಟನ್ನಿಂದ ಹೋಗಬಹುದಿತ್ತಲ್ಲ? 1818ರಲ್ಲಿ ಬ್ಲ್ಯಾಕ್ ಬಾಲ್ ಕಂಪನಿ ತುಂಬಲಿ ಬಿಡಲಿ, ಹೇಳಿದ ದಿನಕ್ಕೆ ಲಿವರ್‌ಪೂಲಿಗೆ ಹೊರಡುವ ಹಡಗು ಶುರು ಮಾಡಿತು. ದಿನ ತಪ್ಪದೆ ಹೊರಡಬೇಕಾದರೆ ಹಿಂದಿನಿಂದ ಸರಕು ತಂದು ಸುರಿಯುವ ನೂರಾರು ಚಿಕ್ಕ ದೋಣಿ ಬೇಕು. ಲಾಂಗ್ ಐಲೆಂಡ್ ಸೌಂಡಿನಿಂದ, ಹಡ್ಸನ್ನಿನಿಂದ, ಕೆರೊಲಿನಾದಿಂದ. ಆ ಚಿಕ್ಕ ದೋಣಿ ಇರುವಲ್ಲಿಗೆ ದೊಡ್ಡ ಹಡಗು ಬಂತು.

ಜರ್ಸಿವಾಸಿ:
1817ರ ಆ ಬೇಲಿ ಇನ್ನೂ ಬಿದ್ದಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. 1920ರ ಜೋನ್ಸ್ ಕಾಯಿದೆ ಅದರ ಮೊಮ್ಮಗ: ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಿರಬೇಕು, ಅಮೆರಿಕನ್ನರದ್ದೇ ಇರಬೇಕು. 2017ರಲ್ಲಿ ಮರಿಯಾ ಚಂಡಮಾರುತ ಅಮೆರಿಕದ್ದೇ ದ್ವೀಪವಾದ ಪೋರ್ಟೊ ರಿಕೊವನ್ನು ಕೆಡವಿದಾಗ ಆ ಕಾಯಿದೆಗೆ ಬರೀ ಹತ್ತು ದಿನ ವಿನಾಯಿತಿ ಕೊಟ್ಟರು.

ಸುಮ್ನೆ_ಓದುಗ:
ಹತ್ ದಿನ? ಅಷ್ಟ್ರಾಗ ಹಡಗು ತುಂಬಿ ಹೊರಡೋದರಾಗನ ಮುಗೀತದಲ್ರೀ.

ಆಳಸಮುದ್ರ:
ಅದಕ್ಕೇ ಹೇಳುವುದು. ಬೇಲಿ ಹಾಕಿ ಕಾಪಾಡಿದ ದೊಡ್ಡ ಕರಾವಳಿ ಹಡಗುಗಳು ಇವತ್ತು ಬಹಳ ಕಡಿಮೆ. ಇದಕ್ಕೆ ಬೇರೆ ಎಳೆ ತೆರೆಯುತ್ತೇನೆ, ಹಳೇನಕ್ಷೆ ಅಲ್ಲಿಗೆ ಬರಲಿ. ಬರುವಾಗ ಹೈದರ್ ಅಲಿಯನ್ನು ಇಲ್ಲೇ ಲಂಗರು ಹಾಕಿ ಬರಬೇಕು, ಆ ಕಥೆಯ ಎದುರು ವಾದ ಮಾಡಿದರೆ ಈ ಗುಂಪಿನಲ್ಲಿ ನನಗೆ ಒಂದೂ ಓಟು ಬೀಳುವುದಿಲ್ಲ.